ಕಿಂಡಿಯಲ್ಲಿ ಕಾಣುವ ಆರು ಬೋಲ್ಟು

ಬೆಂಗಳೂರು–ಮಂಗಳೂರು ಹೆದ್ದಾರಿ ಚನ್ನರಾಯಪಟ್ಟಣ ದಾಟಿ ಹಾಸನ ಸೇರಿದರೆ ಊರವರ ಬಾಯಲ್ಲಿ ಅದು ಬಿ.ಎಂ. ರೋಡು. ಅದರ ಅಡ್ಡರಸ್ತೆಯೊಂದರಲ್ಲಿ ತಗಡಿನ ಸೂರಿನ ಈ ಗ್ಯಾರೇಜಿದೆ. ಅಂಗಳದಲ್ಲಿ ನಿಂತ ಗಾಡಿಗಳೇ ಜಿಲ್ಲೆಯ ಪರಿಚಯ ಹೇಳುತ್ತವೆ: ಅರಕಲಗೂಡಿನ ಹೊಲದ ಮಣ್ಣು ಮೆತ್ತಿದ ಪಿಕಪ್, ಹೊಳೆನರಸೀಪುರದ ಬಾಡಿಗೆ ಕಾರು, ಸಕಲೇಶಪುರದ ತೋಟದ ಜೀಪು. ಕ್ಲಚ್ ಪ್ಲೇಟ್ ಸವೆದರೆ ಆ ಊರುಗಳಲ್ಲೇ ಕೆಲಸ ಮುಗಿಯುತ್ತದೆ. ಕ್ಲಚ್ ಪೆಡಲೇ ಇಲ್ಲದ ಗಾಡಿ ಮಾತ್ರ ಇಲ್ಲಿಯವರೆಗೆ ಬರುತ್ತದೆ.

ಒಳಗೆ ಎರಡು ಕಂಬದ ಲಿಫ್ಟ್ ಮೇಲೆ ಅಂಥದೊಂದು ಆಟೋಮ್ಯಾಟಿಕ್ ಡೀಸೆಲ್ ಗಾಡಿ ಏರಿದೆ. ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಜಾಗದಿಂದ ಹನಿ ಬೀಳುತ್ತಿದೆ. ಹನಿ ಕಪ್ಪಗಿದ್ದರೆ ಎಂಜಿನ್ ಆಯಿಲ್. ಇದು ಕೆಂಪು, ಗೇರ್ ಬಾಕ್ಸಿನದು. ಅಲ್ಲಿಗೆ, ಮುಂದಿನ ಸೀಲ್ ಹೋಗಿದೆ. ಬೆರಳಗಲದ ಆ ರಬ್ಬರ್ ಬಳೆ ಬದಲಿಸಲು ಇಡೀ ಗೇರ್ ಬಾಕ್ಸ್ ಇಳಿಸಿ ಟಾರ್ಕ್ ಕನ್ವರ್ಟರ್ ಹೊರಗೆಳೆಯಬೇಕು.

ಬೆಂಚಿನ ಮೇಲೆ ಕೊಯ್ದಿಟ್ಟ ಹಳೆಯ ಕನ್ವರ್ಟರ್ ಒಂದಿದೆ. ಒಡೆದ ತೆಂಗಿನಕಾಯಿಯ ಹೋಳುಗಳಂತೆ ಎರಡು ಬಟ್ಟಲು, ಒಳಗೆಲ್ಲ ಬ್ಲೇಡು. ಎಂಜಿನ್ ತಿರುಗಿಸುವ ಬಟ್ಟಲು ಆಯಿಲನ್ನು ಎರಚುತ್ತದೆ, ಆ ರಭಸಕ್ಕೆ ಎದುರಿನ ಟರ್ಬೈನ್ ತಿರುಗಿ ಗೇರ್ ಬಾಕ್ಸಿಗೆ ಬಲ ಕೊಡುತ್ತದೆ. ನಡುವಿನ ಸ್ಟೇಟರ್ ವಾಪಸ್ ಬರುವ ಆಯಿಲಿನ ದಿಕ್ಕು ತಿದ್ದುವುದರಿಂದ, ಗಾಡಿ ಕದಲುವ ಹೊತ್ತಿಗೆ ಎಂಜಿನ್ನಿನ ತಿರುಚುಬಲ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಜರ್ಮನಿಯ ಹೆರ್ಮನ್ ಫ್ಯೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಅಮೆರಿಕದ ಬ್ಯೂಯಿಕ್ ಕಾರುಗಳಿಗೆ ಡೈನಾಫ್ಲೋ ಹೆಸರಿನಲ್ಲಿ 1948ರ ಮಾದರಿಯಿಂದ ಬಂತು. 2014ರಲ್ಲಿ ಮಾರುತಿ ಸೆಲೆರಿಯೊ ತಂದ ಎಎಂಟಿಯಲ್ಲೂ ಕ್ಲಚ್ ಪೆಡಲ್ ಇಲ್ಲ, ಆದರೆ ಒಳಗೆ ಮಾಮೂಲಿ ಕ್ಲಚ್ ಪ್ಲೇಟೇ ಇದೆ. ಆ ಗಾಡಿಗಳಿಗೆ ಈ ಕೆಲಸ ಬೇಕಿಲ್ಲ.

"ನೆಗೆಟಿವ್ ತೆಗುದ್ಯೇನ್ಲಾ?" ಅಂತ ಮೇಸ್ತ್ರಿ ಕೇಳುತ್ತಾರೆ. "ತೆಗ್ದೆ ಕಣಣ್ಣ," ಎನ್ನುತ್ತಾನೆ ಹುಡುಗ. ಬ್ಯಾಟರಿ ಸಂಪರ್ಕ ತಪ್ಪಿದ ಮೇಲೆ ಆಯಿಲ್ ಟ್ರೇಗೆ ಇಳಿಯುತ್ತದೆ. ಹುಡುಗ ಅದನ್ನು ಮೂಸಿ ನೋಡುತ್ತಾನೆ. ಶಿರಾಡಿ ಘಾಟಿಯಲ್ಲಿ ಭಾರ ಹೊತ್ತು ಹತ್ತಿ ಕಾದ ಆಯಿಲ್ ಸುಟ್ಟ ವಾಸನೆ ಹೊಡೆಯುತ್ತದೆ. ಪ್ರೊಪೆಲರ್ ಶಾಫ್ಟಿಗೆ ಬಣ್ಣದ ಗುರುತು ಹಾಕಿ ಬಿಚ್ಚಿಯಾಯಿತು, ಕೂಲರ್ ಪೈಪು, ವೈರಿಂಗು ಕಳಚಿಯಾಯಿತು.

ಅಸಲು ಕೆಲಸ ಇನ್ನು ಮೇಲೆ. ಆಟೋಮ್ಯಾಟಿಕ್ ಗಾಡಿಯಲ್ಲಿ ದಪ್ಪ ಫ್ಲೈವೀಲ್ ಜಾಗದಲ್ಲಿ ತೆಳ್ಳಗಿನ ಉಕ್ಕಿನ ತಟ್ಟೆ ಇರುತ್ತದೆ; ಆಯಿಲ್ ತುಂಬಿದ ಕನ್ವರ್ಟರಿನ ತೂಕವೇ ಫ್ಲೈವೀಲಿನ ಕೆಲಸ ಮಾಡುತ್ತದೆ. ತಟ್ಟೆಗೂ ಕನ್ವರ್ಟರಿಗೂ ಇಲ್ಲಿ ಆರು ಬೋಲ್ಟು. ಬೆಲ್ ಹೌಸಿಂಗಿನ ಸಣ್ಣ ಕಿಂಡಿಯಲ್ಲಿ ಒಂದು ಸಲಕ್ಕೆ ಒಂದೇ ಕಾಣುತ್ತದೆ. ಮುಂದೆ ಒಬ್ಬ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ತಿರುಗಿಸುತ್ತಾನೆ. "ಬಂತು, ನಿಲ್ಸು!" ಅಂದ ಕೂಡಲೇ ಕಿಂಡಿಯ ಬಳಿ ಇನ್ನೊಬ್ಬ ಬಿಚ್ಚುತ್ತಾನೆ. ಆರೂ ಈಚೆ ಬಂದ ಮೇಲೆ ಕನ್ವರ್ಟರನ್ನು ಪಟ್ಟಿಯಿಂದ ಮೀಟಿ ಹಿಂದಕ್ಕೆ, ಗೇರ್ ಬಾಕ್ಸಿನ ಕಡೆಗೆ ಸರಿಸುತ್ತಾರೆ. ಗೇರ್ ಬಾಕ್ಸನ್ನು ಜಾಕಿಯ ಮೇಲೆ ಕೂರಿಸಿಯೇ ಬೆಲ್ ಹೌಸಿಂಗ್ ಬೋಲ್ಟುಗಳಿಗೆ ಕೈ. ಈ ಕ್ರಮ ತಪ್ಪಿದರೆ ಕನ್ವರ್ಟರ್ ತಟ್ಟೆಗೇ ನೇತುಬಿದ್ದು ಗೇರ್ ಬಾಕ್ಸಷ್ಟೇ ಈಚೆ ಬರುತ್ತದೆ. ಆ ಎಳೆದಾಟಕ್ಕೆ ತಟ್ಟೆ ಬಾಗಬಹುದು, ಶಾಫ್ಟಿಗೂ ಪಂಪಿಗೂ ಪೆಟ್ಟಾಗಬಹುದು. ಎರಡೂ ಜೊತೆಯಾಗಿ ಬಂದರೂ ಕನ್ವರ್ಟರ್ ಜಾರಿ ಬೀಳದಂತೆ ಅಡ್ಡಪಟ್ಟಿ ಬಿಗಿಯುತ್ತಾರೆ. ನೆಲಕ್ಕಿಳಿಸಿದ ಮೇಲೆ ನೇರವಾಗಿ ಎಳೆದರೆ ಒಳಗೆ ಉಳಿದ ಆಯಿಲ್ ಭಳ್ಳನೆ ಸುರಿಯುತ್ತದೆ. ಟ್ರೇ ಮೊದಲೇ ಸಿದ್ಧ.

ಹೊರಬಂದ ಕನ್ವರ್ಟರಿನ ಕತ್ತಿನಲ್ಲಿ ಎರಡು ಕಚ್ಚುಗಳಿವೆ. ಗೇರ್ ಬಾಕ್ಸಿನ ಆಯಿಲ್ ಪಂಪನ್ನು ತಿರುಗಿಸುವುದು ಇವೇ. ಎಂಜಿನ್ ನಿಂತರೆ ಪಂಪೂ ನಿಂತಂತೆ. ಆದ್ದರಿಂದಲೇ ಘಾಟಿಯಲ್ಲಿ ಕೆಟ್ಟ ಆಟೋಮ್ಯಾಟಿಕ್ ಗಾಡಿಗೆ ಹಗ್ಗ ಕಟ್ಟಿ ಎಳೆತರಬಾರದು: ಚಕ್ರ ಉರುಳುತ್ತದೆ, ಗೇರ್ ಬಾಕ್ಸ್ ಒಳಗೆ ಆಯಿಲ್ ಓಡುವುದಿಲ್ಲ. ಗಾಡಿಯನ್ನು ಲಾರಿಯ ಮೇಲೇರಿಸಿಯೇ ತರಬೇಕು.

ಹೊಸ ಸೀಲ್ ಕೂತ ಮೇಲೆ ಕನ್ವರ್ಟರನ್ನು ತಿರುಗಿಸುತ್ತ ಒಳದೂಡುತ್ತಾರೆ. ಶಾಫ್ಟು, ಸ್ಟೇಟರಿನ ಆಸರೆ, ಪಂಪು ಒಂದೊಂದೇ ಕಚ್ಚಿಕೊಂಡಾಗ ಅದು ಕಟಕ್ಕೆಂದು ಒಳಗಿಳಿಯುತ್ತದೆ. ಬೆಲ್ ಹೌಸಿಂಗಿಗೆ ಅಡ್ಡ ಸ್ಕೇಲ್ ಇಟ್ಟು, ಕನ್ವರ್ಟರ್ ಎಷ್ಟು ಆಳದಲ್ಲಿದೆಯೆಂದು ಅಳೆದು ಕಂಪನಿ ಪುಸ್ತಕದ ಅಳತೆಗೆ ಹೋಲಿಸುತ್ತಾರೆ. ಪೂರಾ ಕೂರದೆ ಬೋಲ್ಟ್ ಬಿಗಿದರೆ ಪಂಪ್ ಒಡೆಯುತ್ತದೆ, ಮಾಡಿದ್ದೆಲ್ಲ ಮತ್ತೆ ಮೊದಲಿನಿಂದ.

ನಿಮ್ಮ ಗಾಡಿಗೂ ಈ ಕೆಲಸ ಬಂದರೆ ರೇಟ್ ವಿಚಾರಿಸುವ ಮೊದಲು "ಕನ್ವರ್ಟರ್ ಆಳ ಅಳೀತೀರಾ?" ಎಂದು ಕೇಳಿ. ತಡವರಿಸದೆ ಸ್ಕೇಲ್ ತೋರಿಸುವ ಗ್ಯಾರೇಜಿಗೆ ಕೀಲಿ ಕೊಡಬಹುದು.