ಅಟ್ಟದ ಮೇಲೆ ಅರಳಿದ ಗೆಡ್ಡೆ

ಸುವರ್ಣಗೆಡ್ಡೆಗೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಎಲೆ. ಮಚ್ಚೆ ಮಚ್ಚೆಯ ದಂಟಿನ ಮೇಲೆ ಅದು ಕೊಡೆಯಂತೆ ಬಿಚ್ಚಿಕೊಂಡು ಮಳೆಗಾಲವಿಡೀ ನಿಲ್ಲುತ್ತದೆ. ದೀಪಾವಳಿ ಕಳೆಯುತ್ತಿದ್ದಂತೆ ಹಳದಿ ತಿರುಗಿ, ಒಂದು ಮಗ್ಗುಲಿಗೆ ವಾಲಿ, ಬುಡದಲ್ಲೇ ಕಳಚಿ ಬೀಳುತ್ತದೆ. ಗೊತ್ತಿಲ್ಲದವರಿಗೆ ಅದು ಸತ್ತ ಗಿಡ. ಬೆಳೆದವರಿಗೆ ಗುದ್ದಲಿ ಹಿಡಿಯುವ ಸೂಚನೆ. ಅಗೆದು ತೆಗೆದ ಗೆಡ್ಡೆಯ ನೆತ್ತಿಯಲ್ಲಿ ದಂಟು ಕಳಚಿದ ಜಾಗ ಹೊಕ್ಕಳಿನಂತೆ ಗುಳಿಬಿದ್ದಿರುತ್ತದೆ. ಅದರ ನಡುವೆ ಮುಂದಿನ ವರ್ಷದ ಮೊಳಕೆ ತಿಳಿಗೆಂಪು ಚುಕ್ಕೆಯಾಗಿ ಅವಿತಿರುತ್ತದೆ. ಬೇರುಗಳೂ ಒಣಗಿ ಉದುರಿರುತ್ತವೆ. ಮುಂದಿನ ಮಳೆ ಹನಿಯುವವರೆಗೆ ಅದಕ್ಕೆ ಮಣ್ಣಿನ ಹಂಗಿಲ್ಲ, ನೀರಿನ ಹಂಗೂ ಇಲ್ಲ.

ಅರೇಸಿ ಕುಟುಂಬದ ಗೆಡ್ಡೆ ಗಿಡಗಳಲ್ಲಿ ಬಹುಪಾಲಿನವು ಬಾಳುವುದು ಹೀಗೆಯೇ, ಅರ್ಧ ವರ್ಷ ಎಚ್ಚರ, ಅರ್ಧ ವರ್ಷ ನಿದ್ದೆ. ಚಳಿದೇಶಗಳ ತೋಟಗಾರರು ಇದನ್ನು ‘ಚಳಿಗಾಲ ಕಳೆಸುವುದು’ ಎನ್ನುತ್ತಾರೆ. ಈ ಮಾತು ತುಸು ದಾರಿ ತಪ್ಪಿಸುವಂಥದ್ದು. ಸುವರ್ಣಗೆಡ್ಡೆಯ ಕುಲ ನಿದ್ದೆ ಕಲಿತದ್ದು ಚಳಿಗೆ ಹೆದರಿ ಅಲ್ಲ, ಮಳೆಯಿಲ್ಲದ ತಿಂಗಳುಗಳನ್ನು ದಾಟಲು. ಮುಂಗಾರಿನ ನಾಡುಗಳಲ್ಲಿ ಒಣಗಾಲಕ್ಕೆಂದು ಕಲಿತ ವಿದ್ಯೆಯನ್ನು ಅದು ಹಿಮ ಬೀಳುವ ಊರುಗಳಲ್ಲಿ ಚಳಿಗಾಲಕ್ಕೂ ಬಳಸಿಕೊಳ್ಳುತ್ತದೆ, ಅಷ್ಟೇ. ಹಾಗಾಗಿ ಮಲಗಿದ ಗೆಡ್ಡೆಯನ್ನು ಹೆಚ್ಚಾಗಿ ಕೊಲ್ಲುವುದು ಬರೀ ತಂಪಲ್ಲ, ತಂಪಿನ ಜೊತೆಗಿನ ತೇವ. ಕುಡಿಯಲು ಬೇರಿಲ್ಲ, ಆವಿಯಾಗಿ ಬಿಡಲು ಎಲೆಯಿಲ್ಲ. ಹೊಯ್ದ ನೀರು ಗೆಡ್ಡೆಯ ಸುತ್ತ ನಿಂತು ಕೊಳೆ ಹಿಡಿಸುತ್ತದೆ.

ಇನ್ನೊಂದು ಸಂಗತಿ ಅಗೆದು ನೋಡದೆ ನಂಬಲಾಗುವುದಿಲ್ಲ. ನೆಟ್ಟ ಗೆಡ್ಡೆಯೇ ಊದಿ ದೊಡ್ಡದಾಗುವುದಲ್ಲ. ಕೂಡಿಟ್ಟ ಪಿಷ್ಟವನ್ನೆಲ್ಲ ಎಲೆಗೆ ಕೊಟ್ಟು ಹಳೆಯದು ಸುಕ್ಕಿ ಸಿಪ್ಪೆಯಾಗುತ್ತದೆ. ಅದರ ನೆತ್ತಿಯ ಮೇಲೆ, ದಂಟಿನ ಬುಡದಲ್ಲಿ ಹೊಸದೊಂದು ಕಟ್ಟುತ್ತದೆ. ಎಲೆ ನಿಂತಷ್ಟು ದಿನವೂ ಗಳಿಕೆ, ಎಲೆ ಬಿದ್ದ ಮೇಲೆ ಕೈಗಂಟು.

ಆ ಗಂಟನ್ನು ಗೆಡ್ಡೆ ಹೇಗೆ ಖರ್ಚು ಮಾಡುತ್ತದೆ ಎಂಬುದಕ್ಕೆ ಮಲೆನಾಡಿನ ಅಡಿಕೆ ತೋಟದ ಮನೆಯೊಂದರ ಅಟ್ಟಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬಾಳೆನಾರಿನಲ್ಲಿ ತೂಗುಬಿಟ್ಟ ಸೌತೆಕಾಯಿಗಳ ಕೆಳಗೆ, ಬೂದಿ ಸವರಿದ ಬಿತ್ತನೆಯ ಗೆಡ್ಡೆಗಳು ಸಾಲಾಗಿ ಕೂತಿದ್ದವು. ಕೆಲವನ್ನು ಆಗಲೇ ತುಂಡು ಮಾಡಿ, ಪ್ರತಿ ಹೋಳಿಗೂ ಕಣ್ಣಿನ ಒಂದು ಪಾಲು ಬರುವಂತೆ ನೋಡಿಕೊಂಡು, ಸಗಣಿ ಬಗ್ಗಡದಲ್ಲಿ ಅದ್ದಿ ಒಣಗಿಸಲಾಗಿತ್ತು. ಗೋಡೆಯ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದೆ, ದೊಡ್ಡ ಗೆಡ್ಡೆಯೊಂದು ಉಳಿದುಹೋಗಿತ್ತು. ಏಪ್ರಿಲ್‌ನಲ್ಲಿ ಮನೆಯವರು ಎರಡು ದಿನ ಹುಡುಕಿದ್ದು ಸತ್ತ ಇಲಿಯನ್ನು. ಸಿಕ್ಕಿದ್ದು ಹೂವು: ಅಂಚು ನೆರಿಗೆಗಟ್ಟಿದ, ಮಾಂಸದ ಬಣ್ಣದ ಬೋಗುಣಿ, ಅದರ ನಡುವೆ ಮಿದುಳಿನಂತೆ ಸುಕ್ಕುಸುಕ್ಕಾದ ಕಂದುಗೆಂಪು ಗುಡ್ಡೆ. ಬೂದಿಯಲ್ಲಿ, ಹನಿ ನೀರಿಲ್ಲದೆ ಅರಳಿತ್ತು. ಹೆಬ್ಬೆರಳಿಂದ ಒತ್ತಿದರೆ ಪಕ್ಕದ ಗೆಡ್ಡೆಗಳು ಕಲ್ಲಿನಂತೆ ಗಟ್ಟಿ. ಹೂ ಬಿಟ್ಟದ್ದು ಮಾತ್ರ ಮೆತ್ತಗೆ ಒಳಗೆ ಹೋಗುತ್ತಿತ್ತು. ಕೂಡಿಟ್ಟದ್ದರಲ್ಲಿ ಒಂದು ಪಾಲು ಹೂವಿಗೂ ಆ ನಾತಕ್ಕೂ ಹೋಗಿತ್ತು.

ಇದೇ ಘಟ್ಟದ ಮರಗೆಸುವಿಗೆ ಮನೆಯ ಅಟ್ಟವೂ ಬೇಡ. ಮರದ ಕವಲಿನಲ್ಲಿ, ಪಾಚಿ ಕಟ್ಟಿದ ತೊಗಟೆಯ ಮೇಲೆ ಬೇಸಿಗೆಯಿಡೀ ಬರಿ ಗೆಡ್ಡೆಯಾಗಿ ಕೂತಿದ್ದು, ಮಳೆ ಹಿಡಿದ ಕೂಡಲೇ ಎಲೆ ಬಿಡುತ್ತದೆ. ಪತ್ರೊಡೆಯ ಪ್ರಿಯರಿಗೆ ಅದರ ಎಚ್ಚರ ಮಾತ್ರ ಗೊತ್ತು. ಹೊಂಡದ ಬದಿಯ ಕೆಸುವಿನದು ಬೇರೆ ಸ್ವಭಾವ: ಬುಡದಲ್ಲಿ ನೀರಿದ್ದರೆ ಅದು ಮಲಗುವ ಗೋಜಿಗೇ ಹೋಗುವುದಿಲ್ಲ.

ಸುವರ್ಣಗೆಡ್ಡೆಯ ಸೋದರ ಸಂಬಂಧಿ ಕೊಂಜಾಕ್ ಜಪಾನಿನಲ್ಲಿ ದೊಡ್ಡ ಬೆಳೆ. ಅಲ್ಲಿಯ ಕೊನ್ಯಾಕು ಎಂಬ ತಿನಿಸು, ನಡುಗುವ ಬೂದುಬಣ್ಣದ ಅಂಟುಗಡ್ಡೆ, ಇದರ ಹಿಟ್ಟಿನಿಂದಲೇ ಆಗುವುದು. ದೇಶದ ಬೆಳೆಯ ಬಹುಭಾಗ ಗುನ್ಮಾ ಪ್ರಾಂತದ್ದು. ಅಲ್ಲಿ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುತ್ತದೆ, ಗೆಡ್ಡೆಯೊಳಗಿನ ನೀರೂ ಹೆಪ್ಪುಗಟ್ಟಿದರೆ ಕರಗುವಾಗ ಅದು ಕೊಳೆತ ಮುದ್ದೆ. ಆದ್ದರಿಂದ ಮೇ ತಿಂಗಳ ಸುಮಾರಿಗೆ ನೆಟ್ಟದ್ದನ್ನು ಹಿಮಕ್ಕೆ ಮೊದಲು ಅಗೆದು, ಒಣಗಿಸಿ, ಒಳಗಿಟ್ಟು, ವಸಂತದಲ್ಲಿ ಮತ್ತೆ ನೆಡುತ್ತಾರೆ. ಮರಿಗೆಡ್ಡೆ ಹಿಟ್ಟಿಗೆ ಬರುವಷ್ಟು ಬಲಿಯಲು ಎರಡು ಮೂರು ವರ್ಷ. ಅಂದರೆ ಒಂದೇ ಬೆಳೆಗೆ ಎರಡು ಮೂರು ಸಲ ನೆಡುವುದು, ಎರಡು ಮೂರು ಸಲ ಅಗೆಯುವುದು. ಮೊದಲು ಬಿತ್ತನೆಯ ಗೆಡ್ಡೆಯನ್ನು ಮನೆಯ ಬೆಂಕಿಗೂಡಿನ ಮೇಲಿನ ಅಟ್ಟಣಿಗೆಯಲ್ಲಿ ಇಡುತ್ತಿದ್ದರು, ಈಗ ಬಿಸಿಗಾಳಿ ಆಡಿಸುವ ಕೊಠಡಿಗಳಿವೆ. ಹೊಗೆ ಹೋಗಿ ಯಂತ್ರ ಬಂದರೂ ಉದ್ದೇಶ ಮಲೆನಾಡಿನ ಅಟ್ಟದ್ದೇ: ಒಣ ಗಾಳಿ, ಮಂಜುಗಟ್ಟದಷ್ಟು ಬೆಚ್ಚಗೆ, ಕತ್ತಲು.

ಯುರೋಪಿನ ಹವ್ಯಾಸಿಗಳು ಇದೇ ಕೊಂಜಾಕನ್ನು ಕುಂಡದಲ್ಲಿ ಬೆಳೆಸಿ, ಎಲೆ ಬಿದ್ದ ಮೇಲೆ ಮಣ್ಣು ಕೊಡವಿ, ರಟ್ಟಿನ ಪೆಟ್ಟಿಗೆಯಲ್ಲಿ ಕಪಾಟಿನ ಮೇಲಿಡುತ್ತಾರೆ. ಹೆಪ್ಪು ಗೆಡ್ಡೆಯ ಆಳಕ್ಕೆ ಇಳಿಯದ ಊರುಗಳಲ್ಲಿ ಒಣ ಎಲೆಯ ದಪ್ಪ ಹೊದಿಕೆಯಡಿ ನೆಲದಲ್ಲೇ ಬಿಡುವವರೂ ಇದ್ದಾರೆ. ಸುವರ್ಣಗೆಡ್ಡೆಗೆ ಅಷ್ಟು ಧೈರ್ಯವಿಲ್ಲ, ಅದಕ್ಕೆ ಇನ್ನೂ ಬೆಚ್ಚನೆಯ ಮೂಲೆ ಬೇಕು.

ಕಪಾಟಿನ ಗೆಡ್ಡೆಗಳಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ್ದು ಆಫ್ರಿಕಾದಿಂದ ಹಿಮಾಲಯದವರೆಗೂ ಬೆಳೆಯುವ ಸಾರೊಮ್ಯಾಟಮ್. ವೂಡೂ ಲಿಲಿ ಎಂಬ ಹೆಸರಿನಲ್ಲಿ ಅದನ್ನು ಮಾರುವುದೇ ‘ನೀರೂ ಬೇಡ, ಮಣ್ಣೂ ಬೇಡ’ ಎಂದು. ಹೆಸರಿನ ಮಾಟಮಂತ್ರ ಅಂಗಡಿಯವರ ಜಾಣತನ, ಆದರೆ ಹೂವಿನ ಕಥೆ ನಿಜವಾಗಿಯೂ ಬೆರಗಿನದು. ಅರಳುವ ದಿನ ಬೆಳಗ್ಗೆ ಅದರ ಉದ್ದನೆಯ ದಿಂಡು ಸುತ್ತಲಿನ ಗಾಳಿಗಿಂತ 10 ಡಿಗ್ರಿಗೂ ಹೆಚ್ಚು ಬಿಸಿಯೇರುತ್ತದೆ. ಆ ಕಾವಿಗೆ ನಾತ ಆವಿಯಾಗಿ ನೊಣಗಳನ್ನು ಕರೆಯುತ್ತದೆ. ಈ ಕುಟುಂಬದ ಹೂಗಳು ಬಿಸಿಯಾಗುವುದನ್ನು ಲಾಮಾರ್ಕ್ 1778ರಲ್ಲೇ ಬರೆದಿದ್ದ. 1937ರಲ್ಲಿ ಡಚ್ ವಿಜ್ಞಾನಿ ವ್ಯಾನ್ ಹೆರ್ಕ್, ಹೂವಿನೊಳಗೇ ಹುಟ್ಟುವ ಯಾವುದೋ ರಸ ಈ ಬಿಸಿಗೆ ಕಿಡಿ ಹಚ್ಚುತ್ತದೆ ಎಂದು ವಾದಿಸಿದ. ಆ ರಸ ಯಾವುದೆಂದು ಕಂಡದ್ದು ಅರ್ಧ ಶತಮಾನದ ಮೇಲೆ. 1987ರಲ್ಲಿ ಇಲ್ಯಾ ರಾಸ್ಕಿನ್, ಬಾಸ್ತಿಯಾನ್ ಮೇವ್ಸೆ ಮತ್ತು ಸಂಗಡಿಗರು ಅದು ಸ್ಯಾಲಿಸಿಲಿಕ್ ಆಮ್ಲ ಎಂದು ತೋರಿಸಿದರು. ಆಸ್ಪಿರಿನ್ ಮಾತ್ರೆಯ ಹತ್ತಿರದ ನೆಂಟ! ಹೂ ಬಿಸಿಯಾಗುವ ಮುನ್ನ ದಿಂಡಿನಲ್ಲಿ ಅದರ ಪ್ರಮಾಣ ಸುಮಾರು 100 ಪಟ್ಟು ಏರುತ್ತದೆ. ಚಳಿಗಾಲವಿಡೀ ತಣ್ಣಗೆ ಕೂತ ಗೆಡ್ಡೆ ದಿಂಡಿಗೆ ತುಂಬಿದ ಪಿಷ್ಟ ಕೆಲವೇ ಗಂಟೆಗಳಲ್ಲಿ ಸೌದೆಯಂತೆ ಉರಿದುಹೋಗುತ್ತದೆ. ಮಾರುವವರು ಹೇಳದೆ ಬಿಡುವ ಮಾತು ಒಂದಿದೆ: ಹೂ ಮುಗಿದ ಮೇಲೆ ಅದನ್ನು ನೆಟ್ಟು ಎಲೆ ಬರಿಸಿಕೊಳ್ಳದಿದ್ದರೆ ಮತ್ತೊಂದು ವರ್ಷ ಬಾಳುವಷ್ಟು ಗಂಟು ಉಳಿಯುವುದಿಲ್ಲ.

ಮೆಡಿಟರೇನಿಯನ್ ತೀರದಲ್ಲಿ ಲೆಕ್ಕವೆಲ್ಲ ತಿರುವುಮುರುವು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಅಲ್ಲಿಯ ಆರಮ್ ಇಟಾಲಿಕಮ್ ಶರತ್ಕಾಲದಲ್ಲಿ ಎಲೆ ಬಿಟ್ಟು, ಚಳಿಯಿಡೀ ಹಸಿರಾಗಿದ್ದು, ಸುಡುಬಿಸಿಲಿನ ತಿಂಗಳುಗಳಲ್ಲಿ ಮಲಗುತ್ತದೆ. ನಿದ್ದೆಗೆ ಕಾರಣ ಚಳಿಯೇ ಎನ್ನುವವರು ಈ ಗಿಡವೊಂದನ್ನು ನೋಡಿದರೆ ಸಾಕು. ಸುಮಾತ್ರಾದ ಮಳೆಕಾಡಿನ ದೈತ್ಯ ಗೆಡ್ಡೆ ಟೈಟಾನಮ್‌ಗೆ ಒಣಗಾಲವೂ ಇಲ್ಲ, ಚಳಿಗಾಲವೂ ಇಲ್ಲ. ಆದರೂ ಎಲೆಯ ಆಯುಸ್ಸು ಮುಗಿದಾಗ ಅದು ಕೆಲವು ತಿಂಗಳು ಮಲಗುತ್ತದೆ, ಅದಕ್ಕೆ ಋತುವಿನ ಗೊಡವೆಯಿಲ್ಲ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1889ರಲ್ಲಿ ಅದು ಅರಳಿದಾಗಿನಿಂದ ಗಾಜಿನಮನೆಯವರು ಅದರ ಮರ್ಜಿ ಕಾಯುತ್ತಲೇ ಇದ್ದಾರೆ.

ಎಬ್ಬಿಸುವುದರಲ್ಲೂ ಆತುರ ಸಲ್ಲದು. ಸುವರ್ಣಗೆಡ್ಡೆಯಾಗಲಿ ಕೊಂಜಾಕ್ ಆಗಲಿ, ಬೇರು ಬಿಡುವುದು ತಳದಿಂದಲ್ಲ, ನೆತ್ತಿಯಿಂದ, ಮೊಳಕೆಯ ಸುತ್ತಲೂ. ಆದ್ದರಿಂದ ಗೆಡ್ಡೆಯ ಮೇಲೆ ಒಂದಿಷ್ಟು ಮಣ್ಣು ಬರುವಷ್ಟು ಆಳಕ್ಕೆ, ಕಣ್ಣು ಮೇಲಾಗಿ ಇಡಬೇಕು. ಕುಂಡದಲ್ಲಾದರೆ ಮೊಳಕೆ ಬೆರಳುದ್ದ ಬರುವವರೆಗೆ ಮಣ್ಣು ಬರೀ ಪಸೆಯಿದ್ದರೆ ಸಾಕು. ದಂಟು ಎದ್ದು ಎಲೆ ಬಿಚ್ಚತೊಡಗಿದ ಮೇಲೆ ಎಷ್ಟು ನೀರು ಹೊಯ್ದರೂ ಕುಡಿಯುತ್ತದೆ.