ಅಟ್ಟದ ಅಡಿಕೆ, ಅವಸರದ ಕೊಕ್ಕೊ

ಕಡಬ ತಾಲ್ಲೂಕಿನ ಇಚಿಲಂಪಾಡಿ ಹಾಗೂ ಸುತ್ತಲಿನ ಪುತ್ತೂರು, ಸುಳ್ಯ ಸೀಮೆಯ ಅನೇಕ ತೋಟಗಳಲ್ಲಿ ಅಡಿಕೆ ಮರದ ನೆರಳಿನಲ್ಲಿ ಕೊಕ್ಕೊ ಬೆಳೆಯುತ್ತದೆ. ಎರಡಕ್ಕೂ ಮಣ್ಣು ಒಂದೇ, ನೀರು ಒಂದೇ. ಆದರೆ ತೋಟದ ತಡಮೆ ದಾಟಿದ ಮೇಲೆ ಎರಡರ ಹಾದಿಯೂ ಬೇರೆ ಬೇರೆ.

ಅಡಿಕೆಗೆ ಅವಸರವಿಲ್ಲ. ಅಂಗಳದಲ್ಲಿ ನಲವತ್ತು ದಿನ ಒಣಗಿಸಿ, ಸುಲಿದು, ಗೋಣಿಯಲ್ಲಿ ತುಂಬಿ ಅಟ್ಟಕ್ಕೇರಿಸಿದರೆ ಮುಗಿಯಿತು. ಒಂದು ವರ್ಷ ಹಳತಾದುದು ಪೇಟೆಯಲ್ಲಿ ‘ಸಿಂಗಲ್ ಚೋಲ್’, ಎರಡು ವರ್ಷ ಕಳೆದುದು ‘ಡಬಲ್ ಚೋಲ್’. ಧಾರಣೆ ಹಿಡಿಸದಿದ್ದರೆ ಕೃಷಿಕ ಕಾಯಬಹುದು. ಮದುವೆಗೋ ಮನೆ ಕಟ್ಟಲಿಕ್ಕೋ ಹಣ ಬೇಕಾದಾಗ ನಾಲ್ಕು ಗೋಣಿ ಇಳಿಸಬಹುದು.

ಕೊಕ್ಕೊ ಹಾಗಲ್ಲ. ಹಣ್ಣಾದ ಕಾಯಿಯನ್ನು ಕೂಡಲೇ ಕೊಯ್ಯದಿದ್ದರೆ ಅದು ಮಂಗ, ಅಳಿಲುಗಳ ಪಾಲು. ಕಾಯಿ ಒಡೆದರೆ ಬಿಳಿ ಲೋಳೆ ಸುತ್ತಿಕೊಂಡ ಹಸಿ ಬೀಜ ಹುಳಿಯತೊಡಗುತ್ತದೆ. ಈ ಹುಳಿಯುವಿಕೆಯೇ ಚಾಕೊಲೇಟಿನ ಪರಿಮಳಕ್ಕೆ ಮೂಲ. ಆದರೆ ಅದು ಸರಿಯಾಗಿ ನಡೆಯಲು ದೊಡ್ಡ ರಾಶಿ ಬೇಕು. ರಾಶಿ ಬಿಸಿಯೇರಬೇಕು, ಐದಾರು ದಿನ ಮಗುಚಬೇಕು, ಬಳಿಕ ಒಣಗಿಸಬೇಕು. ಸಣ್ಣ ತೋಟದ ಒಂದು ಬುಟ್ಟಿ ಬೀಜಕ್ಕೆ ಅಷ್ಟು ಶಾಖ ಬರುವುದು ಕಷ್ಟ. ಮಳೆಗಾಲದಲ್ಲಂತೂ ಅಂಗಳದ ಬಿಸಿಲನ್ನು ನಂಬುವಂತೆಯೇ ಇಲ್ಲ. ಹಾಗಾಗಿ ಇಲ್ಲಿನವರು ಬೀಜವನ್ನು ಹಸಿಯಾಗಿಯೇ ಮಾರುವುದು ರೂಢಿ.

ವ್ಯಾಪಾರ ಶಾಸ್ತ್ರದಲ್ಲಿ ‘ಪೂರೈಕೆ ಸರಪಳಿ’ ಎಂಬ ಮಾತಿದೆ. ಬೆಳೆದವನಿಂದ ಬಳಸುವವನವರೆಗೆ ಸರಕು ಸಾಗುವ ಕೊಂಡಿಗಳ ಸಾಲು ಅದು. ಕಾಯಬಲ್ಲ ಸರಕು ಇದ್ದವನಿಗೆ ಈ ಸಾಲಿನಲ್ಲಿ ಸ್ವಲ್ಪವಾದರೂ ಬಲವಿದೆ. ಕಾಯಲಾಗದ ಸರಕಿನವನು ಮುಂದಿನ ಕೊಂಡಿಯನ್ನು ನಂಬಿಯೇ ಬದುಕಬೇಕು.

ಆ ಕೊಂಡಿ ಕಳಚಿದರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆ ಕಂಡಿದೆ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗ ಬೆಳೆಗಾರರು ಸಂಘಟಿತರಾದರು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರ ಜುಲೈಯಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳಗಳೆರಡರ ಬೆಳೆಗಾರರೂ ಇದರ ಸದಸ್ಯರು. ಅದೇ ದಶಕದಲ್ಲಿ ಅಡಿಕೆಗೆ ಜೊತೆ ಬೆಳೆಯಾಗಿ ಕೊಕ್ಕೊ ಹಬ್ಬಿತು. ಚಾಕೊಲೇಟ್ ಉದ್ದಿಮೆಯ ಪ್ರೋತ್ಸಾಹವೂ ಇತ್ತು. ಆದರೆ 1980ರ ಸುಮಾರಿಗೆ ಜಾಗತಿಕ ಬೆಲೆ ಇಳಿಯಿತು, ಖರೀದಿ ಕುಗ್ಗಿತು. ಹಸಿ ಬೀಜವನ್ನು ಅಟ್ಟಕ್ಕೇರಿಸುವಂತಿಲ್ಲ. ಬೇಸತ್ತ ಹಲವರು ಗಿಡಗಳನ್ನೇ ಕಡಿದರು.

ಆಗ ಕ್ಯಾಂಪ್ಕೊ ಕೊಕ್ಕೊ ಖರೀದಿಗೂ ಇಳಿಯಿತು. ಬರೇ ಕೊಂಡರೆ ಸಾಲದು, ಕೊಂಡದ್ದಕ್ಕೆ ದಾರಿಯೂ ಬೇಕು. ಅದಕ್ಕಾಗಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಲಾಯಿತು. 1986ರ ಸೆಪ್ಟೆಂಬರ್ 1ರಂದು ಆಗಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಹಸಿ ಬೀಜ ಸಂಗ್ರಹದಿಂದ ಹಿಡಿದು ಹಾಳೆ ಸುತ್ತಿದ ಚಾಕೊಲೇಟಿನವರೆಗಿನ ಕೊಂಡಿಗಳು ಬೆಳೆಗಾರರದೇ ಸಂಸ್ಥೆಯ ಕೈಗೆ ಬಂದವು. ಕೃಷಿಕನಿಗೆ ಕಾಯಲಾಗದು, ಅವನ ಪರವಾಗಿ ಕಾಯುವ ಕೆಲಸವನ್ನು ಗೋದಾಮು ಮತ್ತು ಯಂತ್ರ ವಹಿಸಿಕೊಂಡವು ಎನ್ನಬಹುದು.

ಹಾಗೆಂದು ಹೊರಗಿನ ಗಾಳಿ ತಾಗುವುದಿಲ್ಲ ಎಂದಲ್ಲ. ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕೂ ಹೆಚ್ಚು ಬರುವುದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾಗಳಿಂದ. ಅಲ್ಲಿ ಹವಾಮಾನ ಕೆಟ್ಟು, ರೋಗ ಹಬ್ಬಿ ಫಸಲು ಕೈಕೊಟ್ಟಾಗ, 2024ರಲ್ಲಿ ವಿಶ್ವ ಮಾರುಕಟ್ಟೆಯ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ನಮ್ಮೂರ ಹಸಿ ಬೀಜಕ್ಕೂ ಎಂದೂ ಕಾಣದ ಧಾರಣೆ ಬಂತು. 2025ರಲ್ಲಿ ಅದೇ ಬೆಲೆ ತೀವ್ರವಾಗಿ ಇಳಿಯಿತು.

ಏರಿದಾಗ ನೆಡುವುದು, ಇಳಿದಾಗ ಕಡಿಯುವುದು ಸಹಜವೆನಿಸೀತು. ಆದರೆ ಕೊಕ್ಕೊ ಗಿಡ ಫಲ ಕೊಡಲು ಮೂರು ವರ್ಷವಾದರೂ ಬೇಕು. ಮಾರುಕಟ್ಟೆ ತಿರುಗಲು ಮೂರು ತಿಂಗಳು ಸಾಕು. ಇಳಿದ ಕಾಲದಲ್ಲೂ ತಕ್ಕಡಿ ತೂಗುತ್ತದೆ ಎಂಬ ನಂಬಿಕೆ ಇದ್ದವನು ಮಾತ್ರ ಗಿಡ ಉಳಿಸಿಕೊಳ್ಳುತ್ತಾನೆ. ಹಾಗೆ ಉಳಿಸಿಕೊಂಡವನಿಗಷ್ಟೇ 2024ರ ಬೆಲೆ ದಕ್ಕಿದ್ದು. ಖರೀದಿ ಕೇಂದ್ರದ ಬಾಗಿಲು ಕಷ್ಟದ ವರ್ಷದಲ್ಲೂ ತೆರೆದಿರುವುದು ಅದಕ್ಕೇ ಮುಖ್ಯ.