ಗುಳಿಗೆಯೊಳಗಿನ ಸೆಲೆನಿಯಂ: ಪ್ರಮಾಣದೊಡನೆ ರೂಪವನ್ನೂ ಕೇಳಿರಿ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಸದ್ಭಕ್ತರು ನಮ್ಮಲ್ಲಿಗೆ ಬರುವಾಗ ಈಚೆಗೆ ಕೈಚೀಲದಲ್ಲಿ ಗುಳಿಗೆಯ ಡಬ್ಬಿಗಳನ್ನೂ ತರುತ್ತಾರೆ. ಕೆಲವು ಊರಿನ ಔಷಧದಂಗಡಿಯವು, ಕೆಲವು ಪರದೇಶದಲ್ಲಿರುವ ಮಕ್ಕಳು ಕಳುಹಿಸಿದವು. ಮೊಳಕಾಲ್ಮುರು ಕಡೆಯ ತಾಯಿಯೊಬ್ಬರು ಕೂದಲು ಉದುರುತ್ತಿದೆಯೆಂದು ಬಂದರು. ಅವರು ಸೇವಿಸುತ್ತಿದ್ದ ಮೂರು ಪೂರಕಗಳ ಡಬ್ಬಿಗಳನ್ನು ಸಾಲಾಗಿರಿಸಿ ಓದಿದೆವು. ಮೂರರಲ್ಲಿಯೂ ಸೆಲೆನಿಯಂ ಇತ್ತು, ಆದರೆ ಮೂರು ಬೇರೆ ಹೆಸರಿನಲ್ಲಿ: ಸೋಡಿಯಂ ಸೆಲೆನೈಟ್, ಸೆಲೆನೊಮೆಥಿಯೊನೈನ್, ಸೆಲೆನಿಯಂ ಯೀಸ್ಟ್. ಕೂದಲು ಉದುರುವುದು, ಉಗುರು ಮುರಿಯುವುದು, ಉಸಿರಿನಲ್ಲಿ ಬೆಳ್ಳುಳ್ಳಿಯ ವಾಸನೆ ಬರುವುದು ಸೆಲೆನಿಯಂ ಅತಿಯಾದುದರ ಲಕ್ಷಣಗಳು. ಕೂದಲಿಗೆಂದು ನುಂಗಿದ್ದೇ ಕೂದಲನ್ನು ಉದುರಿಸುತ್ತಿತ್ತೇನೋ! ಪೂರಕಗಳನ್ನು ನಿಲ್ಲಿಸಿ ರಕ್ತಪರೀಕ್ಷೆಗೆ ಬರೆದುಕೊಟ್ಟೆವು. ವೈದ್ಯರು ಬರೆದ ಥೈರಾಯ್ಡ್ ಮಾತ್ರೆಯನ್ನು ಮಾತ್ರ ಬಿಡಕೂಡದೆಂದು ಎಚ್ಚರಿಸಿದೆವು.

1817ರಲ್ಲಿ ಸ್ವೀಡನ್ನಿನ ಬರ್ಸೀಲಿಯಸ್ ಗುರುತಿಸಿದ ಈ ಧಾತು ನಮ್ಮ ಪ್ರಾಚೀನ ಗ್ರಂಥಗಳಲ್ಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ವಯಸ್ಕರಿಗೆ ದಿನಕ್ಕೆ 40 ಮೈಕ್ರೊಗ್ರಾಂ ಸಾಕೆನ್ನುತ್ತದೆ. ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗವೇ ಮೈಕ್ರೊಗ್ರಾಂ. ಮೇಲಿನ ಮಿತಿಯನ್ನು ಅಮೆರಿಕದವರು 400 ಎಂದಿರಿಸಿದ್ದರೆ, ಯೂರೋಪಿನವರು 2023ರಲ್ಲಿ 255ಕ್ಕೆ ಇಳಿಸಿದರು. ಅಗತ್ಯಕ್ಕೂ ಅಪಾಯಕ್ಕೂ ನಡುವಣ ಅಂತರ ಕಿರಿದು. ಚೀನಾದ ಕೆಶಾನ್ ಪ್ರದೇಶದಲ್ಲಿ ಇದರ ಕೊರತೆಯಿದ್ದ ಮಕ್ಕಳ ಹೃದಯ ಕೆಟ್ಟಿತು. ಅಲ್ಲಿ ನೆರವಾದದ್ದು ಸಾದಾ ಲವಣವಾದ ಸೋಡಿಯಂ ಸೆಲೆನೈಟ್. ಪಂಜಾಬಿನ ನವಾನ್‌ಶಹರ್, ಹೋಶಿಯಾರ್‌ಪುರಗಳ ಕೆಲವು ಹೊಲಗಳಲ್ಲಿ ಮಣ್ಣಿನ ಸೆಲೆನಿಯಂ ಮೇವಿಗೇರಿ ದನಗಳ ಗೊರಸು ಕಳಚಿದವು.

ಬೆಳೆಯಲ್ಲಿರುವ ಸೆಲೆನಿಯಂ ಮಣ್ಣನ್ನವಲಂಬಿಸುತ್ತದೆ. ಆದುದರಿಂದ ಪಂಜಾಬಿನ ಗೋಧಿಯ ಅಂಕಿಯನ್ನು ನಮ್ಮ ಶೇಂಗಾ, ನವಣೆ, ರಾಗಿಗೆ ಅಂಟಿಸುವುದು ತಪ್ಪು. ಕಾಳುಗಳಲ್ಲಿ ಅದು ಬಹುಪಾಲು ಸೆಲೆನೊಮೆಥಿಯೊನೈನ್ ರೂಪದಲ್ಲಿರುತ್ತದೆ. ಈ ರೂಪ ಚೆನ್ನಾಗಿ ಹೀರಲ್ಪಟ್ಟು, ಮೆಥಿಯೊನೈನ್ ಎಂಬ ಅಮೈನೊ ಆಮ್ಲದ ಸ್ಥಾನದಲ್ಲಿ ದೇಹದ ಪ್ರೋಟೀನುಗಳೊಳಗೆ ಸೇರಿ ಬಹುಕಾಲ ಉಳಿಯುತ್ತದೆ. ಸೆಲೆನೈಟ್ ಹಾಗೆ ಶೇಖರವಾಗದು. ರಸಶಾಸ್ತ್ರವನ್ನೋದಿದ ನಮಗಿದು ಹೊಸತಲ್ಲ; ಕಬ್ಬಿಣದ ಪುಡಿಯೂ ಲೋಹಭಸ್ಮವೂ ಒಂದೇ ಎಂದು ಯಾವ ವೈದ್ಯನೂ ಹೇಳನು.

ಹಾಗಿದ್ದರೆ ರೂಪವನ್ನು ಅಳೆಯುವುದೆಂತು? ಒಟ್ಟು ಸೆಲೆನಿಯಂ ಮಾತ್ರ ಬೇಕಾದರೆ ಮಾದರಿಯನ್ನು ತೀಕ್ಷ್ಣ ಆಮ್ಲದಲ್ಲಿ ಕಾಯಿಸಿ ಕರಗಿಸುತ್ತಾರೆ. ಆಗ ರೂಪಗಳೆಲ್ಲ ಅಳಿದು ಧಾತುವೊಂದೇ ಉಳಿಯುತ್ತದೆ. ರೂಪ ಬೇಕಾದರೆ ಪ್ರೋಟೀನನ್ನು ಕಿಣ್ವಗಳಿಂದ ಮೃದುವಾಗಿ, ಹೊಟ್ಟೆಯಲ್ಲಿ ಅನ್ನ ಪಚನವಾಗುವಂತೆ, ಬಿಡಿಸಬೇಕು. ಆ ದ್ರವವನ್ನು ಸೂಕ್ಷ್ಮ ಕಣಗಳು ತುಂಬಿದ ಕೊಳವೆಯಲ್ಲಿ ಹಾಯಿಸಿದರೆ ಒಂದೊಂದು ರೂಪ ಒಂದೊಂದು ಹೊತ್ತಿಗೆ ಹೊರಬರುತ್ತದೆ. ಬಂದುದನ್ನು ಹಲವು ಸಾವಿರ ಡಿಗ್ರಿಯ ಆರ್ಗಾನ್ ಪ್ಲಾಸ್ಮಾದಲ್ಲಿ ಅಯಾನುಗಳನ್ನಾಗಿಸಿ ಎಣಿಸುತ್ತಾರೆ. ಕಡೆಗೆ ರೂಪಗಳ ಮೊತ್ತವನ್ನು ಒಟ್ಟಿನೊಡನೆ ತಾಳೆ ನೋಡುತ್ತಾರೆ. ಕೂಡದಿದ್ದರೆ ಏನೋ ನಷ್ಟವಾಗಿದೆ, ಇಲ್ಲವೇ ಗುರುತಾಗದ ರೂಪವೊಂದು ಉಳಿದಿದೆ ಎಂದರ್ಥ. ಇದು ದುಬಾರಿ ಕೆಲಸ, ತಾಲ್ಲೂಕಿನ ಪ್ರಯೋಗಾಲಯದಲ್ಲಿ ಆಗುವಂಥದಲ್ಲ. ಆದರೂ ಬೇಕು, ಏಕೆಂದರೆ ಯೀಸ್ಟ್ ಎಂದು ಮಾರಾಟವಾದ ಕೆಲವು ಪೂರಕಗಳಲ್ಲಿ ಅಗ್ಗದ ಲವಣರೂಪವೇ ಸಿಕ್ಕಿದ್ದುಂಟು.

ಪ್ರಮಾಣವೂ ತಪ್ಪಬಹುದು. 2008ರಲ್ಲಿ ಅಮೆರಿಕದಲ್ಲಿ ದ್ರವ ಪೂರಕವೊಂದರಲ್ಲಿ ಚೀಟಿಯಲ್ಲಿದ್ದುದರ ಸುಮಾರು 200 ಪಟ್ಟು ಸೆಲೆನಿಯಂ ಸೇರಿತ್ತು. 201 ಜನ ಅಸ್ವಸ್ಥರಾದರು, ಬಹುಮಂದಿಯ ಕೂದಲು ಉದುರಿತು. ಸಸ್ಯಜನ್ಯವೆಂಬ ಮಾತು ಅಳತೆಗೆ ಬದಲಾಗದು. ನಮ್ಮ ಆಯುರ್ವೇದದ ಔಷಧಗಳಿಗೂ ಈ ನಿಯಮವೇ ಸಲ್ಲಬೇಕೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ಆದುದರಿಂದ ಪೂರಕಗಳನ್ನು ಸೇವಿಸುತ್ತಿರುವ ಭಕ್ತರು ಎಲ್ಲ ಡಬ್ಬಿಗಳಲ್ಲಿನ ಸೆಲೆನಿಯಂ ಅನ್ನು ಕೂಡಿಸಿ ನೋಡಿರಿ. ರೂಪದ ಹೆಸರೇ ಇಲ್ಲದ ಡಬ್ಬಿಯನ್ನು ಕೊಳ್ಳಬೇಡಿರಿ. ವೈದ್ಯರಲ್ಲಿಗೆ ಬರುವಾಗ ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ ತರದೆ, ಚೀಟಿ ಹರಿಯದ ಡಬ್ಬಿಗಳನ್ನೇ ತನ್ನಿರಿ.